ವಿಧಿಯಲ್ಲ ಮಾರಾಯ್ರೆ, ಟವರ್ ಲೈನು

ನಮಸ್ಕಾರ. ದೀಪಾವಳಿ ಸಂಚಿಕೆಗೆ ನೀವು ಕಳಿಸಿದ ಕಥೆ ಓದಿದೆ. ಸಾಗರದ ಕಡೆಯ ಮಳೆ ಚೆನ್ನಾಗಿ ಬಂದಿದೆ, ಮಾತುಕತೆ ಸಲೀಸಾಗಿದೆ. ಹೊಗಳಿಕೆ ಇಷ್ಟೇ. ಯಾಕಂದ್ರೆ ನಾಲ್ಕನೇ ಪುಟ ಓದಿ ನನಗೆ ಸಿಟ್ಟು ಬಂತು.

ಮರ ಬಿದ್ದು ಹರಿದ 11 ಕೆವಿ (11 ಸಾವಿರ ವೋಲ್ಟ್) ತಂತಿ ಜೋಡಿಸಲು ಲೈನ್‌ಮನ್ ಮಂಜಣ್ಣ ಕಂಬ ಹತ್ತುತ್ತಾನೆ. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕೆಲಸ ಮಾಡಲು ಅನುಮತಿ) ಸಿಕ್ಕಿದೆ, ಲೈನ್ ಆಫ್ ಆಗಿದೆ. ತಂತಿ ಹಿಡಿಯುತ್ತಾನೆ, ಸಾಯುತ್ತಾನೆ. ನೀವು ಬರೆಯುತ್ತೀರಿ: “ಕರೆಂಟೇ ಇಲ್ಲದ ತಂತಿ ಅವನನ್ನು ಕೊಂದಿತು. ವಿಧಿಗೆ ಕರೆಂಟಿನ ಹಂಗಿಲ್ಲ.”

ಈ ಸಾಲು ಬರೆದು ನೀವು ಒಂದು ಕಾಫಿ ಕುಡಿದಿರಬೇಕು. ಹೊಡೆದು ಹಾಕಿ.

ಕೊಂದದ್ದು ಯಾರು ಅಂತ ನಿಮ್ಮ ಎರಡನೇ ಪುಟದಲ್ಲೇ ಇದೆ: “ದಾರಿಯುದ್ದಕ್ಕೂ ಶರಾವತಿಯಿಂದ ಬರುವ ಟವರ್‌ಗಳು, ಮಂಜಿನಲ್ಲಿ ಧ್ಯಾನಕ್ಕೆ ನಿಂತ ಋಷಿಗಳಂತೆ.” ಎಂಥ ಋಷಿಗಳು? ಅದು 220 ಕೆವಿ ಲೈನು, ಅದನ್ನು ಯಾರೂ ಆಫ್ ಮಾಡಿಲ್ಲ. ಅದರ ಪಕ್ಕದಲ್ಲೇ ಈ ತಂತಿ ಕಿಲೋಮೀಟರ್‌ಗಟ್ಟಲೆ ಸಾಗಿದೆ. ದೊಡ್ಡ ಲೈನಿನ ವೋಲ್ಟೇಜು ಮುಟ್ಟದೆಯೇ, ಗಾಳಿಯ ಮೂಲಕವೇ, ಇದನ್ನು ಚಾರ್ಜ್ ಮಾಡುತ್ತದೆ. ಒಂದು ಕಡೆ ಅರ್ಥ್ ಮಾಡಿದರೆ, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸಿದರೆ, ಇದು ಇಳಿಯುತ್ತದೆ. ಇನ್ನೊಂದು ಬಗೆಯ ವೋಲ್ಟೇಜು ಹಾಗೆ ಬಗ್ಗುವುದಿಲ್ಲ. ದೊಡ್ಡ ಲೈನಿನಲ್ಲಿ ಹರಿಯುವ ಕರೆಂಟಿನ ಕಾಂತಕ್ಷೇತ್ರ ಈ ತಂತಿಯ ಉದ್ದಕ್ಕೂ ವೋಲ್ಟೇಜ್ ಹುಟ್ಟಿಸುತ್ತದೆ. ಜೊತೆಯಾಗಿ ಸಾಗುವ ದೂರ ಹೆಚ್ಚಿದಷ್ಟೂ ಅದು ಜಾಸ್ತಿ. ಒಂದೇ ತುದಿಗೆ ಅರ್ಥ್ ಮಾಡಿದರೆ ಇನ್ನೊಂದು ತುದಿಯಲ್ಲಿ ಹಾಗೇ ಕೂತಿರುತ್ತದೆ.

ಈಗ ಮೂರನೇ ಪುಟದಲ್ಲಿ ಮಂಜಣ್ಣ ಅರ್ಥ್ ಮಾಡುವುದನ್ನು ನೋಡಿ: “ಸ್ವಿಚ್ಚಿನ ಹತ್ತಿರ ರಾಡಿನ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ, ಆಮೇಲೆ ಕೇಬಲ್ಲನ್ನು ನೆಲಕ್ಕೆ ಕಟ್ಟಿ, ಮೂರು ಕಿಲೋಮೀಟರ್ ಆಚೆಯ ಕಂಬಕ್ಕೆ ಹೊರಟ.”

ನೆಲದ ತುದಿ ಮೊದಲು ಕಟ್ಟಬೇಕು, ಕೊಕ್ಕೆ ಆಮೇಲೆ. ಬಿಚ್ಚುವಾಗ ಕೊಕ್ಕೆ ಮೊದಲು, ನೆಲದ್ದು ಕೊನೆಗೆ. ನೀವು ಬರೆದ ಹಾಗೆ ಮಾಡಿದರೆ ತಂತಿಯಲ್ಲಿದ್ದದ್ದೆಲ್ಲ ಕೈಯಲ್ಲಿರುವ ಕೇಬಲ್ಲಿಗೆ ಬರುತ್ತದೆ. ಮಂಜಣ್ಣ ನಾಲ್ಕನೇ ಪುಟದವರೆಗೆ ಬದುಕಿದ್ದೇ ಹೆಚ್ಚು.

ಆಮೇಲೆ ಆ ಮೂರು ಕಿಲೋಮೀಟರ್. ಹರಿದ ತಂತಿಗೆ ಎರಡು ತುದಿ, ಅಲ್ವಾ? ಒಂದರ ಅರ್ಥ್ ಅಷ್ಟು ಹಿಂದೆ ಉಳಿಯಿತು. ಇನ್ನೊಂದಕ್ಕೆ ಅರ್ಥೇ ಇಲ್ಲ. ಅವನು ಒದ್ದೆ ಕೈಯಲ್ಲಿ ಎರಡನ್ನೂ ಒಟ್ಟಿಗೆ ಹಿಡಿದ. ಕೆಲಸದ ಜಾಗದಲ್ಲೇ, ಹರಿದದ್ದರ ಎರಡೂ ಬದಿಗೆ, ಲೈನಿನ ಮೂರೂ ತಂತಿ ಸೇರಿಸಿ ಅರ್ಥ್ ಮಾಡಿ, ಎರಡೂ ಬದಿಯನ್ನು ಒಂದಕ್ಕೊಂದು ಜೋಡಿಸಿದ್ದರೆ ಅವನು ರಾತ್ರಿ ಊಟಕ್ಕೆ ಮನೆಗೆ ಹೋಗುತ್ತಿದ್ದ. ಆಚೆ ಬದಿಯ ಯಾವುದೋ ತೋಟದ ಜನರೇಟರ್ ಹಿಂದಕ್ಕೆ ಕರೆಂಟ್ ತಳ್ಳಿದ್ದರೂ ಉಳಿಯುವುದಕ್ಕೆ ಅವಕಾಶ ಇರುತ್ತಿತ್ತು.

ನಾನು ಶಿವಮೊಗ್ಗದ ಒಂದು ಸಣ್ಣ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದಾಗ ನಮ್ಮ ಸಂಪಾದಕರಿಗೆ ಒಂದು ಚಾಳಿ ಇತ್ತು. ಸುದ್ದಿಯಲ್ಲಿ ‘ಆಕಸ್ಮಿಕವಾಗಿ’ ಅಂತ ಕಂಡರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಹೇಗೆ?’ ಅಂತ ಬರೆಯುತ್ತಿದ್ದರು. ಅಂಥದ್ದೇ ಒಂದು ಸುದ್ದಿ ಬಂದಾಗ ನನ್ನನ್ನು ಆಯನೂರಿನ ಕಡೆ ಲೈನ್ ಕೆಲಸದವರ ಹತ್ತಿರ ಅಟ್ಟಿದರು. ಅಲ್ಲೊಬ್ಬ ಹಿರಿಯರು ಕೇಬಲ್ ಬಿಗಿದು, ತಿರುಪನ್ನು ಇನ್ನೊಮ್ಮೆ ತಿರುವಿ ನೋಡಿ, ಉದ್ದನೆ ರಾಡು ಎತ್ತಿದರು. ಕೊಕ್ಕೆ ತಂತಿಗೆ ತಾಗುವ ಮೊದಲೇ ಚಿಟ್ ಅಂತ ಸಣ್ಣ ಕಿಡಿ ಹಾರಿತು.

“ಲೈನ್ ಆಫ್ ಅಲ್ವಾ?” ಅಂದೆ.

“ಆಫೇ. ಈಗ ಮುಟ್ತೀಯಾ?” ಅಂದ್ರು.

ಸಂಪಾದಕರು ಆ ಕಿಡಿಯನ್ನು ಸುದ್ದಿಯ ಮೊದಲ ಸಾಲಿಗೆ ತಂದರು.

ನಿಮ್ಮ ಕಥೆಯ ಉಳಿದ ಭಾಗದ ತಂಟೆಗೆ ನಾನು ಹೋಗುವುದಿಲ್ಲ. ಒಂದೇ ಪ್ರಶ್ನೆ. ಜೀಪಿನಲ್ಲಿ ಒಂದೇ ರಾಡ್ ಇತ್ತು ಅಂತ ನೀವೇ ಬರೆದಿದ್ದೀರಿ. ಉಳಿದವು ಎಲ್ಲಿದ್ದವು? ಸ್ಟೋರಿನಲ್ಲಿ ಬೀಗ ಹಾಕಿದ್ದರಾ? ಮಳೆಯಲ್ಲಿ ಹೊರಲು ಬೇಜಾರಾಯಿತಾ? ಬೇಗ ಕರೆಂಟ್ ಕೊಡಿ ಅಂತ ಯಾರಾದರೂ ಫೋನ್ ಮೇಲೆ ಫೋನ್ ಮಾಡುತ್ತಿದ್ದರಾ? ವಿಧಿಯನ್ನು ತೆಗೆದು ಅದನ್ನು ಬರೆದು ಕಳಿಸಿ. ದೀಪಾವಳಿ ಸಂಚಿಕೆಗೆ ಇನ್ನೂ ಟೈಮ್ ಇದೆ.