ಕೆಂಪು ಮೆಟ್ಟಿಲಿನ ಗೋಡೆಗೆ ಯಾವ ಬಣ್ಣ?

ಬದಿಯಡ್ಕದ ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ, ಫೋಟೋ ಕೂಡ ನೋಡಿದೆ. ಕೆಳಗೆ ಚಾವಡಿ ಕ್ರೀಮ್, ಹೊಸದಾಗಿ ಕಟ್ಟಿದ ಮಾಳಿಗೆಯ ರೂಮುಗಳು ತಿಳಿ ನೀಲಿ. ನಡುವಿನ ಪ್ಯಾಸೇಜಿಗೆ, ಮೆಟ್ಟಿಲಿನ ಗೋಡೆಗೆ ಏನು ಅಂತ ಗೊಂದಲ. ಮನೆಯವರಿಗೆ ಬಿಳಿ ಬೇಕು, ನಿಮಗೆ ಒಂದು ಗೋಡೆಯಾದರೂ ಅರಶಿನ ಬೇಕು.

ನೀವು ಗೋಡೆಯಿಂದ ಯೋಚನೆ ಶುರು ಮಾಡಿದ್ದೀರಿ. ಮೆಟ್ಟಿಲಿನಿಂದ ಶುರು ಮಾಡಿ. ರೆಡ್ ಆಕ್ಸೈಡಿನ (ಕಾವಿಯ) ಮೆಟ್ಟಿಲು, ಸಾಗುವಾನಿ ಕೈಹಿಡಿ ಎರಡೂ ಬದಲಾಗುವುದಿಲ್ಲ, ಬದಲಾಯಿಸಲೂಬೇಡಿ. ಅಷ್ಟು ನುಣುಪಾದ ಕಾವಿ ನೆಲ ಹಾಕುವ ಮೇಸ್ತ್ರಿಗಳು ಈಗ ಸಿಗುವುದೇ ಕಷ್ಟ. ಅಲ್ಲಿಗೆ ಎರಡು ಗಟ್ಟಿ ಬಣ್ಣ ಆಗಲೇ ಆಯ್ತಲ್ವಾ?

ಅಚ್ಚ ಬಿಳಿ ಹೊಡೆದರೆ ಕೆಂಪು ನೆಲದ ಛಾಯೆ ಬಿದ್ದು ಗೋಡೆಯ ಬುಡ ಗುಲಾಬಿಯಾಗಿ ಕಾಣುತ್ತದೆ. ಬೆಳಕು ಕಡಿಮೆ ಇರುವ ಪ್ಯಾಸೇಜಿನಲ್ಲಿ ಅದೇ ಬಿಳಿ ಬೂದಿಯಾಗುತ್ತದೆ. ಹಾಗಾಗಿ ಚಾವಡಿಯ ಕ್ರೀಮನ್ನೇ ಮೇಲಿನ ತನಕ ಒಯ್ಯಿರಿ. ಒಣಗಿದ ಅಡಿಕೆ ಹಾಳೆಯ ಒಳಬದಿಯ ಬಣ್ಣ ಇದೆಯಲ್ಲ, ಅದಕ್ಕೆ ಹತ್ತಿರದ್ದು. ನೀಲಿ ರೂಮಿನ ಬಾಗಿಲ ದಾರಂದದಿಂದ ಒಳಗೆ ಮಾತ್ರ ಇರಲಿ. ಗೋಡೆಯ ನಡುವೆ ಬಣ್ಣ ಬದಲಿಸಬೇಡಿ. ಒಳಮೂಲೆಯಲ್ಲೋ ದಾರಂದದಲ್ಲೋ ನಿಲ್ಲಿಸಿ.

ಗಾಢ ಬಣ್ಣದ ಆಸೆ ಬಿಡಬೇಡಿ. ಲ್ಯಾಂಡಿಂಗಿನ ಗೋಡೆ ಒಂದಕ್ಕೆ ಹೊಡೆಸಿ. ಆದರೆ ಅರಶಿನ ಬೇಡ. ಕೆಂಪು ನೆಲ, ಹಳದಿ ಬಲ್ಬು ಸೇರಿದರೆ ಅದು ಕಿತ್ತಳೆಯಾಗಿಬಿಡುತ್ತದೆ. ಬಾಳೆ ಎಲೆಯ ಅಡಿಭಾಗದ ಮಂಕು ಹಸಿರು ನೋಡಿ. ಕೆಂಪನ್ನು ಅದು ತಣ್ಣಗೆ ಮಾಡುತ್ತದೆ. ಹಸಿರಿನಲ್ಲಿ ಕ್ರೀಮಿನ ಹಳದಿಯೂ ಉಂಟು, ಮೇಲಿನ ನೀಲಿಯೂ ಉಂಟು. ಫೋಟೋದಲ್ಲಿ ಮೂಲೆಯಲ್ಲಿಟ್ಟ ನಿಮ್ಮ ಮಾವನವರ ಯಕ್ಷಗಾನ ಕಿರೀಟವನ್ನು ಅದೇ ಗೋಡೆಗೆ ತನ್ನಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ಅದು ಮೂಲೆಯಲ್ಲಿ ಯಾಕಿರಬೇಕು? ಪಕ್ಕದಲ್ಲಿ ಬೇರೆ ಏನೂ ಬೇಡ. ಬಿಸಿಲು ನೇರ ಬೀಳದಂತೆ ನೋಡಿ, ಬಟ್ಟೆ ಮಾಸುತ್ತದೆ.

ಡಬ್ಬ ತರುವ ಮೊದಲು ಗೋಡೆಯ ಎರಡಡಿ ಅಗಲದ ಜಾಗಕ್ಕೆ ಸ್ವಲ್ಪ ಬಣ್ಣ ಹೊಡೆದು ಬೆಳಿಗ್ಗೆ, ಸಂಜೆ, ರಾತ್ರಿ ಬಲ್ಬು ಹಾಕಿ ನೋಡಿ. ಬಲ್ಬು ಇಡೀ ದಾರಿಗೆ ಒಂದೇ ಬಗೆಯದ್ದಿರಲಿ, 3000 ಕೆಲ್ವಿನ್ ಅಂತ ಬರೆದ ಹಳದಿ ಬೆಳಕಿನದ್ದು ಸಾಕು. 6500ರ ಬಿಳಿ ಬೆಳಕಿನಲ್ಲಿ ಕಾವಿ ಸತ್ತಂತೆ ಕಾಣುತ್ತದೆ. ಸ್ವಿಚ್ಚು ಕೆಳಗೂ ಮೇಲೂ ಬೇಕು.

ಇನ್ನು ನಮ್ಮ ಮಳೆ. ಪೆರ್ಲದಲ್ಲಿ ನಮ್ಮ ಮನೆಯ ಮೆಟ್ಟಿಲು ಗೋಡೆಗೆ ಜುಲೈಯಲ್ಲಿ, ಹೊಸ ಸಾರಣೆ ಒಣಗುವ ಮೊದಲೇ, ಅವಸರ ಮಾಡಿ ಪುಟ್ಟಿ ಹಾಕಿಸಿದೆವು. ಮುಂದಿನ ಮಳೆಗೆ ಗುಳ್ಳೆ ಎದ್ದು, ಉಪ್ಪು ಹೊರಬಂದು, ಎಲ್ಲಾ ಕೆರೆದು ಮತ್ತೆ ಮಾಡಬೇಕಾಯ್ತು. ಮುರಕಲ್ಲಿನ ಗೋಡೆ ನೀರು ಹೀರುತ್ತದೆ. ನಿಮ್ಮ ಪಡುವಣ ಗೋಡೆಯ ಹೊರಗಿನ ಬಿರುಕು ಮೊದಲು ಮುಚ್ಚಿಸಿ. ಒಳಗಿನ ಬಣ್ಣ ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ. ಮಕ್ಕಳ ಕೈ ತಾಗುವ ಗೋಡೆ, ತೊಳೆಯಬಹುದಾದ ಎಮಲ್ಷನ್ನೇ ಬೇಕು.

ಫೋಟೋ ತೂಗುವಾಗ ಪ್ರತಿ ಮೆಟ್ಟಿಲಿನ ಅಂಚಿನಿಂದ ಅಳೆದು ಫ್ರೇಮಿನ ನಡು ಸುಮಾರು ಐದಡಿಗೆ ಬರಲಿ. ಸಾಲು ಕೈಹಿಡಿಯ ಜೊತೆಗೇ ಏರುತ್ತದೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಬಿಲ್ಲೆ ಅಂಟಿಸಿ. ಗಾಳಿ ಆಡದಿದ್ದರೆ ಆಟಿ ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ. ಮೂರೂವರೆ ಅಡಿಯ ಪ್ಯಾಸೇಜಿನಲ್ಲಿ ಸ್ಟ್ಯಾಂಡು, ಹೂಕುಂಡ ಇಡಬೇಡಿ, ಅಕ್ಕಿಮುಡಿ ಹೊತ್ತವರು ಎಡವುತ್ತಾರೆ.

ಲ್ಯಾಂಡಿಂಗಿನ ಕಿಟಕಿ ಫೋಟೋದಲ್ಲಿ ಕಾಣಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅದರ ಫೋಟೋ ತೆಗೆದು ಕಳಿಸಿ, ಹಸಿರು ಎಷ್ಟು ಗಾಢ ಇರಬಹುದು ಅಂತ ನೋಡಿ ಹೇಳುತ್ತೇನೆ.