ಓದುಗರ ಪ್ರಶ್ನೆಗಳು: ಬ್ರೆಜಿಲ್ ಮೂಲಕ ಕಲ್ಲಿಕೋಟೆಗೆ, ಉಪವಾಸದ ತಟ್ಟೆ ಮತ್ತು ಸ್ಪೇನಿನ ಬೆಳ್ಳಿ

ಪ್ರಶ್ನೆ: ಭಾರತಕ್ಕೆ ಹೊರಟ ಪೋರ್ಚುಗೀಸ್ ನಾವಿಕ ಕಬ್ರಾಲ್ ದಾರಿ ತಪ್ಪಿ ಬ್ರೆಜಿಲ್ ಮುಟ್ಟಿದ ಎಂದು ಮಗನ ಪಾಠದಲ್ಲಿದೆ. ಆಫ್ರಿಕದ ದಂಡೆ ಹಿಡಿದು ಹೋಗುವವನು ಅಷ್ಟು ದೂರ ಹೇಗೆ ತಪ್ಪಿಸಿಕೊಂಡ? (ವಾಸ್ಕೊದಿಂದ ಓದುಗರೊಬ್ಬರು)

ಉತ್ತರ: ದಂಡೆ ಹಿಡಿದು ಹೋಗಿದ್ದರೇ ಅವನು ಕೆಡುತ್ತಿದ್ದ. ಪಶ್ಚಿಮ ಆಫ್ರಿಕದ ಗಿನಿ ಕೊಲ್ಲಿಯಲ್ಲಿ ವಾರಗಟ್ಟಲೆ ಗಾಳಿಯ ಸುಳಿವಿರುವುದಿಲ್ಲ. ಅಲ್ಲಿಂದ ಪಾರಾಗಿ ದಕ್ಷಿಣಕ್ಕೆ ತಿರುಗಿದರೆ ಆಗ್ನೇಯದ ಗಾಳಿ ಮುಖಕ್ಕೇ ಬೀಸುತ್ತದೆ, ಕರಾವಳಿಯುದ್ದಕ್ಕೂ ಹರಿಯುವ ಬೆಂಗ್ವೆಲಾ ಸಮುದ್ರಪ್ರವಾಹವೂ ಉತ್ತರಕ್ಕೇ ತಳ್ಳುತ್ತದೆ. ಚೌಕ ಹಾಯಿಯ ಭಾರದ ಹಡಗಿಗೆ ಎರಡನ್ನೂ ಎದುರಿಸಿ ಸಾವಿರಾರು ಕಿಲೋಮೀಟರ್ ಸಾಗುವ ಶಕ್ತಿಯಿಲ್ಲ.

ಆದ್ದರಿಂದ ಪೋರ್ಚುಗೀಸರು ಸಾಗರದ ನಡುವೆ ಬಳಸಿಕೊಂಡೇ ಹೋಗುತ್ತಿದ್ದರು. ಕೇಪ್ ವರ್ಡ್ ದ್ವೀಪಗಳವರೆಗೆ ಈಶಾನ್ಯ ಮಾರುತ ಬೆನ್ನಿಗಿರುತ್ತದೆ. ಸಮಭಾಜಕ ದಾಟಿದ ಮೇಲೆ ಆಗ್ನೇಯದ ಗಾಳಿಯನ್ನು ಎಡಮಗ್ಗುಲಿಗೆ ತೆಗೆದುಕೊಂಡು ನೈಋತ್ಯಕ್ಕೆ ಇಳಿಯಬೇಕು. ದಕ್ಷಿಣದ ಸುಮಾರು 30ನೇ ಅಕ್ಷಾಂಶ ಮುಟ್ಟಿದರೆ ಪಶ್ಚಿಮದ ಬಿರುಗಾಳಿ ಸಿಗುತ್ತದೆ, ಅದು ನೇರವಾಗಿ ಗುಡ್ ಹೋಪ್ ಭೂಶಿರದ ಕಡೆ ನೂಕುತ್ತದೆ. ವಾಸ್ಕೋ ಡ ಗಾಮ 1497ರಲ್ಲಿ ಹೀಗೆಯೇ ಹೋಗಿ, ಕೇಪ್ ವರ್ಡ್ ಬಿಟ್ಟ ಮೇಲೆ ಮೂರು ತಿಂಗಳು ನೆಲ ಕಾಣದೆ ಸಾಗಿದ್ದ. ಕಬ್ರಾಲ್ ಅದೇ ಸುತ್ತನ್ನು ಇನ್ನಷ್ಟು ಪಶ್ಚಿಮಕ್ಕೆ ಎಳೆದ. ಬ್ರೆಜಿಲಿನ ಭುಜ ಅಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡೇ ಇದೆ.

ಸಮಭಾಜಕವನ್ನು ಎಲ್ಲಿ ದಾಟುತ್ತೀರಿ ಎಂಬುದರ ಮೇಲೆ ಇಡೀ ಯಾತ್ರೆ ನಿಂತಿತ್ತು. ತೀರ ಪೂರ್ವದಲ್ಲಿ ದಾಟಿದರೆ ಗಿನಿಯ ನಿರ್ವಾತದಲ್ಲಿ ನೀರಿನ ಪೀಪಾಯಿ ಖಾಲಿ. ತೀರ ಪಶ್ಚಿಮದಲ್ಲಿ ದಾಟಿದರೆ ಬ್ರೆಜಿಲಿನ ಸಾವೊ ರೋಕೆ ಭೂಶಿರವನ್ನು ಸುತ್ತಲಾಗದೆ ಲಿಸ್ಬನ್ನಿಗೇ ವಾಪಸು. ಹೊರಡುವ ತಿಂಗಳೂ ಮುಖ್ಯ. ಮಾರ್ಚಿನಲ್ಲಿ ಹೊರಟರೆ ಪೂರ್ವ ಆಫ್ರಿಕದಲ್ಲಿ ನೈಋತ್ಯ ಮುಂಗಾರು ಸಿಕ್ಕಿ ಸೆಪ್ಟೆಂಬರ್ ಹೊತ್ತಿಗೆ ನಮ್ಮ ಕರಾವಳಿ. ತಡವಾದರೆ ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ಕೂತು ಜ್ವರಕ್ಕೆ ಆಳುಗಳನ್ನು ಕಳೆದುಕೊಳ್ಳಬೇಕು.

ಕಬ್ರಾಲನ ಲೆಕ್ಕ ನೋಡಿ. 1500ರ ಮಾರ್ಚ್ 9ರಂದು 13 ಹಡಗು. ಕೇಪ್ ವರ್ಡ್ ಬಳಿ ಒಂದು ಕಾಣೆ. ಏಪ್ರಿಲ್ 22ಕ್ಕೆ ಬ್ರೆಜಿಲಿನ ಪಾಸ್ಕೊಆಲ್ ಗುಡ್ಡ ಕಂಡಿತು. ಸುದ್ದಿ ಹೊತ್ತು ಒಂದು ಹಡಗು ಲಿಸ್ಬನ್ನಿಗೆ ಮರಳಿತು. ಮೇ ತಿಂಗಳ ಬಿರುಗಾಳಿಗೆ ನಾಲ್ಕು ಮುಳುಗಿದವು. ಗುಡ್ ಹೋಪನ್ನು ಮೊದಲು ಸುತ್ತಿದ ಬಾರ್ತೊಲೊಮೆಉ ಡಿಯಾಸ್ ಸತ್ತದ್ದು ಆಗಲೇ. ಇನ್ನೊಂದು ಚದುರಿ ಮಡಗಾಸ್ಕರ್ ಕಡೆ ಹೋಯಿತು. ಉಳಿದ ಆರು ನಮ್ಮ ಕಾರವಾರದೆದುರಿನ ಅಂಜುದೀವ್ ದ್ವೀಪದಲ್ಲಿ ತಂಗಿ, ಸಂದುಗಳಿಗೆ ನಾರು ತುಂಬಿ ದುರಸ್ತಿ ಮಾಡಿಕೊಂಡು ಸೆಪ್ಟೆಂಬರ್ 13ಕ್ಕೆ ಕಲ್ಲಿಕೋಟೆ ಸೇರಿದವು.

ಬೇಕೆಂದೇ ಹೋದನೆ ಎಂಬ ಅನುಮಾನಕ್ಕೆ ಕಾರಣ, ಸ್ಪೇನ್ ಮತ್ತು ಪೋರ್ಚುಗಲ್ ಹೊಸ ನೆಲಗಳನ್ನು ಒಂದು ಗೆರೆ ಎಳೆದು ಹಂಚಿಕೊಂಡ 1494ರ ತೊರ್ದೆಸಿಲ್ಯಾಸ್ ಒಪ್ಪಂದ. ಅದಕ್ಕೂ ಹಿಂದಿನ ವರ್ಷ ಪೋಪ್ ಎಳೆದ ಗೆರೆ ಅಜೋರ್ಸ್ ಮತ್ತು ಕೇಪ್ ವರ್ಡ್ ದ್ವೀಪಗಳಿಂದ ಪಶ್ಚಿಮಕ್ಕೆ 100 ಲೀಗ್ (ಆಗಿನ ದೂರದ ಅಳತೆ) ದೂರವಿತ್ತು. ಪೋರ್ಚುಗಲ್ ಹಟ ಹಿಡಿದು ಅದನ್ನು ಕೇಪ್ ವರ್ಡ್‌ನಿಂದ 370 ಲೀಗ್ ಪಶ್ಚಿಮಕ್ಕೆ ಸರಿಸಿತು, ಬ್ರೆಜಿಲಿನ ಭುಜ ಅದರ ಪಾಲಿಗೆ ಬಿತ್ತು. ಆದರೂ ನಮ್ಮ ಮಟ್ಟಿಗೆ ಗಾಳಿಯ ಕಾರಣವೇ ಸಾಕು. ಅಂದಹಾಗೆ ಸ್ಪೇನಿನ ಪರವಾಗಿ ಪಿನ್ಸೋನ್ ಮೂರು ತಿಂಗಳು ಮೊದಲೇ ಬ್ರೆಜಿಲಿನ ಕರಾವಳಿ ಮುಟ್ಟಿದ್ದ. ‘ಕಂಡುಹಿಡಿದ’ ಎಂಬ ಪಾಠದ ಮಾತನ್ನು ಮಗನ ಪರೀಕ್ಷೆಗಷ್ಟೇ ಇಟ್ಟುಕೊಳ್ಳಿ.

ಪ್ರಶ್ನೆ: ಭೂಮಿ ದುಂಡಗಿದೆ ಎಂದು ಕೊಲಂಬಸ್ ಹೇಳಿದ್ದಕ್ಕೇ ಪಂಡಿತರು ಅವನನ್ನು ತಿರಸ್ಕರಿಸಿದರಂತೆ, ಹೌದೇ? (ಪುಣೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಇಲ್ಲ. ದುಂಡಗಿದೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. ಜಗಳವಿದ್ದದ್ದು ಗಾತ್ರದ ಬಗ್ಗೆ, ಅದರಲ್ಲಿ ಪಂಡಿತರೇ ಸರಿ. ಭೂಮಿಯ ಸುತ್ತಳತೆಯಲ್ಲಿ ಒಂದು ಡಿಗ್ರಿಗೆ 56⅔ ಮೈಲಿ ಎಂಬ ಅರಬ್ ಲೆಕ್ಕವನ್ನು ಕೊಲಂಬಸ್ ಎತ್ತಿಕೊಂಡ, ಆದರೆ ಸುಮಾರು 2 ಕಿಮೀ ಉದ್ದದ ಅರಬ್ ಮೈಲಿಯ ಜಾಗದಲ್ಲಿ 1.5 ಕಿಮೀಗೂ ಕಡಿಮೆಯ ಇಟಲಿಯ ಮೈಲಿ ಹಾಕಿದ. ಭೂಮಿ ಕಾಲುಭಾಗ ಕುಗ್ಗಿತು. ಮೇಲೆ ಏಷ್ಯಾವನ್ನು ಪೂರ್ವಕ್ಕೆ ವಿಪರೀತ ಹಿಗ್ಗಿಸಿದ. ಆಫ್ರಿಕದ ಪಕ್ಕದ ಕೆನರಿ ದ್ವೀಪಗಳಿಂದ ಪಶ್ಚಿಮಕ್ಕೆ ಸಾಗಿ ಜಪಾನ್ ಮುಟ್ಟಲು ಅವನ ಪ್ರಕಾರ ಸುಮಾರು 4,400 ಕಿಮೀ, ನಿಜಕ್ಕೂ 19,000 ಕಿಮೀಗೂ ಹೆಚ್ಚು. 1492ರ ಸೆಪ್ಟೆಂಬರ್ 6ರಂದು ಕೆನರಿ ಬಿಟ್ಟು ಅಕ್ಟೋಬರ್ 12ಕ್ಕೆ ಬಹಾಮಾಸ್ ನೆಲ ಸಿಗದೇ ಹೋಗಿದ್ದರೆ ಮೂರೂ ಹಡಗಿನವರು ನೀರಿಲ್ಲದೆ ಸಾಯುತ್ತಿದ್ದರು.

ಪ್ರಶ್ನೆ: ನಮ್ಮ ಏಕಾದಶಿಯ ಫಲಾಹಾರದಲ್ಲಿ ಅರ್ಧ ಅಮೆರಿಕದ್ದು ಎಂದು ನೆರೆಮನೆಯವರು ಹಾಸ್ಯ ಮಾಡುತ್ತಾರೆ. ಸತ್ಯವೇ? (ಡೊಂಬಿವಲಿಯ ಗೃಹಿಣಿ)

ಉತ್ತರ: ಅರ್ಧಕ್ಕಿಂತ ಹೆಚ್ಚೇ. ಸಾಬೂದಾಣೆ ಖಿಚಡಿ ಬಿಡಿಸಿ ನೋಡಿ: ಸಾಬೂದಾಣೆ ಮರಗೆಣಸಿನ ಪಿಷ್ಟ, ಶೇಂಗಾ ಮತ್ತು ಆಲೂಗಡ್ಡೆ ದಕ್ಷಿಣ ಅಮೆರಿಕದವು, ಹಸಿಮೆಣಸು ಮೆಕ್ಸಿಕೊ ಕಡೆಯದು. ಪಕ್ಕದ ಸಿಹಿಗೆಣಸು, ರಾಜಗಿರಾ ಲಡ್ಡು, ಪಪ್ಪಾಯಿ, ಪೇರಲೆ, ಚಿಕ್ಕೂ ಎಲ್ಲ ಆಚೆಯವೇ. ನಮ್ಮ ಕಡೆಯದೆಂದು ಉಳಿಯುವುದು ಜೀರಿಗೆ, ತುಪ್ಪ, ತೆಂಗಿನತುರಿ, ಮೊಸರು. ಧಾನ್ಯ ಬೇಡ ಎಂಬ ನೇಮ ಹುಟ್ಟಿದಾಗ ಅಮೆರಿಕದ ಈ ಪದಾರ್ಥಗಳು ಊರಲ್ಲೇ ಇರಲಿಲ್ಲ. ಬೇಡದ ಪಟ್ಟಿಯಲ್ಲಿ ಇಲ್ಲದ್ದರಿಂದ ಒಳಗೆ ಬಂದವು ಎಂದು ನಮಗೆ ತೋರುತ್ತದೆ. ಅದಕ್ಕೆ ವ್ಯತಿರಿಕ್ತವಾಗಿ ನಮ್ಮ ಹಲವು ಮನೆಗಳ ಶ್ರಾದ್ಧದ ಅಡುಗೆ ಗಮನಿಸಿ: ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಹೊರಗೆ, ಕಾಳುಮೆಣಸು, ಬಾಳೆಕಾಯಿ ಒಳಗೆ. ಪೋರ್ಚುಗೀಸರು ಬರುವ ಮುಂಚಿನ ಅಡುಗೆಮನೆ ಹೇಗಿತ್ತು ಎಂದು ತಿಳಿಯಬೇಕಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮರಗೆಣಸಿನ ಕತೆ ಸ್ವಲ್ಪ ಹೇಳಲೇಬೇಕು, ಅದು ವಿಷದ ಗೆಡ್ಡೆ. ಕಹಿ ಜಾತಿಯನ್ನು ಹಸಿಯಾಗಿ ತಿಂದರೆ ಸಯನೈಡ್ ಏರುತ್ತದೆ. ಕೆರಿಬಿಯನ್ನಿನ ತೈನೊ ಜನ ಅದನ್ನು ಕಲ್ಲಿನ ಚೂರು ಕೂರಿಸಿದ ಹಲಗೆಯ ಮೇಲೆ ತುರಿದು, ಉದ್ದನೆಯ ಹೆಣಿಗೆ ಚೀಲದಲ್ಲಿ ತುಂಬಿ ಹಿಂಡಿ, ಜರಡಿ ಹಿಡಿದು ಮಣ್ಣಿನ ಹೆಂಚಿನಲ್ಲಿ ರೊಟ್ಟಿ ಸುಡುತ್ತಿದ್ದರು. ತುರಿದಾಗ ವಿಷ ಬಿಡುಗಡೆಯಾಗುತ್ತದೆ, ಹಿಂಡಿದಾಗ ರಸದೊಂದಿಗೆ ಹೋಗುತ್ತದೆ, ಉಳಿದದ್ದು ಶಾಖಕ್ಕೆ ಹಾರುತ್ತದೆ. ಒಣಗಿದ ರೊಟ್ಟಿ ತಿಂಗಳುಗಟ್ಟಲೆ ಕೆಡದು. ಸ್ಪೇನಿನವರು ನೆಲೆಸಿದ ಕೆರಿಬಿಯನ್ ದ್ವೀಪ ಹಿಸ್ಪಾನಿಯೊಲದ ಸೆಕೆಯಲ್ಲಿ ಗೋಧಿ ಬೆಳೆಯಲಿಲ್ಲ, ಹಡಗಿನಲ್ಲಿ ತಂದದ್ದು ಹುಳ ಹಿಡಿಯಿತು. ಸ್ಪೇನಿನವರು ಹಸಿವಿನಿಂದ ಉಳಿದದ್ದು ಈ ರೊಟ್ಟಿಯಿಂದ. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ತೇಸ್ ಕ್ಯೂಬಾದಿಂದ ಮೆಕ್ಸಿಕೊ ಮೇಲೆ ಹೊರಟಾಗಲೂ ಬುತ್ತಿ ಇದೇ ರೊಟ್ಟಿ ಮತ್ತು ಉಪ್ಪು ಹಚ್ಚಿದ ಹಂದಿಮಾಂಸ. ರೊಟ್ಟಿ ಸುಡಲು ಕಲಿಸಿದ ತೈನೊ ಜನ ಗಣಿ ದುಡಿಮೆಗೂ 1518ರ ಕೊನೆಗೆ ಬಂದ ಸಿಡುಬಿಗೂ ಸಿಕ್ಕಿ ಬಹುಪಾಲು ಅಳಿದರು.

ನಮ್ಮ ಸಾಬೂದಾಣೆಯಲ್ಲಿ ಹೆದರಿಕೆಯಿಲ್ಲ. ಗೆಡ್ಡೆ ಅರೆದು ತೊಳೆದು, ಪಿಷ್ಟ ತೊಟ್ಟಿಯಲ್ಲಿ ತಳಕ್ಕೆ ಇಳಿದ ಮೇಲೆ ಮಣಿ ಕಟ್ಟಿ ಹುರಿದು ಒಣಗಿಸುತ್ತಾರೆ, ವಿಷ ನೀರಿನೊಂದಿಗೆ ಹೋಗಿರುತ್ತದೆ. ತಮಿಳುನಾಡಿನ ಸೇಲಂನಲ್ಲಿ ಈ ಉದ್ಯಮ ಶುರುವಾದದ್ದೇ 1940ರ ದಶಕದಲ್ಲಿ. ‘ಪುರಾತನ ಸಂಪ್ರದಾಯ’ ಎಂದು ನೆರೆಮನೆಯವರೊಂದಿಗೆ ವಾದಿಸಬೇಡಿ.

ಪ್ರಶ್ನೆ: ಮುಂಬೈಯ ಚೋರ್ ಬಜಾರಿನಲ್ಲಿ ಸ್ಪೇನಿನ ರಾಜನ ಮುಖವಿರುವ ದೊಡ್ಡ ಬೆಳ್ಳಿ ನಾಣ್ಯ ಕಂಡೆ. ಅಸಲಿಯೆಂದು ತಿಳಿಯುವುದು ಹೇಗೆ? (ಮುಲುಂಡ್‌ನಿಂದ)

ಉತ್ತರ: ಅದು ಎಂಟು ರಿಯಾಲ್ ನಾಣ್ಯ, ಸ್ಪೇನ್ ಹೆಚ್ಚಾಗಿ ಅಮೆರಿಕದ ಬೆಳ್ಳಿಯಿಂದ ಅಚ್ಚು ಹಾಕಿಸಿದ್ದು. ಮೊದಲು ವರ್ಷ ಓದಿ. ರಾಜನ ಮುಖದ ನಮೂನೆ 1772ರಿಂದ ಈಚೆಗೆ. ಅದಕ್ಕೆ ಮೊದಲು, 1732ರಿಂದ, ಎರಡು ಕಂಬಗಳ ನಡುವೆ ಎರಡು ಗೋಳಗಳಿದ್ದವು. ಮುಖವಿದ್ದು 1750 ಎಂದಿದ್ದರೆ ನಕಲಿ. ಮೂರನೆಯ ಕಾರ್ಲೋಸ್ ಹೆಸರಿದ್ದು 1795 ಎಂದಿದ್ದರೂ ನಕಲಿ, ಆತ 1788ರಲ್ಲೇ ಸತ್ತ. ಅಂಚಿನಲ್ಲಿ ಒಂದು ವೃತ್ತ, ಒಂದು ಆಯತ ಸರದಿಯಾಗಿ ಬರಬೇಕು. ಸುತ್ತಲೂ ಎರಕದ ಗೆರೆ ಕಂಡರೆ ವಾಪಸು ಕೊಡಿ. ಹೊಸದರ ತೂಕ 27 ಗ್ರಾಂ, ಸವೆದಿದ್ದರೆ ಅರ್ಧ ಗ್ರಾಂ ಕಡಿಮೆಯಾದೀತು.

ಲೋಹದ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರಕ್ಕೆ ಕಟ್ಟಿ, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಸುಮಾರು 2.6 ಗ್ರಾಂ ತೋರಿಸಬೇಕು. ಹಿತ್ತಾಳೆಯಾದರೆ 3 ಗ್ರಾಂ ದಾಟುತ್ತದೆ. ಗುಳ್ಳೆ ಅಂಟಿಕೊಂಡರೆ ಅಂಕಿ ಹೆಚ್ಚು ಬರುತ್ತದೆ, ನಾಣ್ಯ ಅಲ್ಲಾಡಿಸಿ ಬಿಡಿಸಿ. ಚೀನೀ ವ್ಯಾಪಾರಿಗಳು ಒತ್ತಿದ ಸಣ್ಣ ಮುದ್ರೆಗಳಿದ್ದರೆ ಅಷ್ಟಕ್ಕೇ ನಾಣ್ಯ ನಕಲಿಯಲ್ಲ, ಆದರೆ ಬೆಲೆ ಬದಲಾಗುತ್ತದೆ.

ಇಂಥ ನಾಣ್ಯ ಇಲ್ಲಿ ಅಪರೂಪವಾಗಿರುವುದಕ್ಕೂ ಕಾರಣವಿದೆ. ಮೊಗಲರ ಕಾಲದಲ್ಲಿ ಸೂರತ್ತಿಗೆ ಬಂದ ಅಮೆರಿಕದ ಬೆಳ್ಳಿ ಹೆಚ್ಚಾಗಿ ಟಂಕಸಾಲೆಗೆ ಹೋಗಿ ಕರಗಿ ರೂಪಾಯಿಯಾಗುತ್ತಿತ್ತು. ಒಂದು ನಾಣ್ಯಕ್ಕೆ ಎರಡು ರೂಪಾಯಿಗಿಂತ ತುಸು ಹೆಚ್ಚು. ಕೊಂಡರೆ ರಸೀದಿ ಪಡೆಯಿರಿ. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶದ ನೆಂಟರಿಗೆ ಉಡುಗೊರೆಯಾಗಿ ಕಳಿಸಲು ಕಾನೂನು ಬಿಡುವುದಿಲ್ಲ.