ಅಂಗಡಿ ಶಟರ್ ಎಳೆಯುವ ಹೊತ್ತಿಗೆ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಅರಸೀಕೆರೆ ಕಡೆಯವನು. ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ದಿನಾ ಎರಡು ಕ್ವಾರ್ಟರ್ ಬೇಕೇ ಬೇಕು. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಹಾಕದೆ ತಂತಿ ಸುತ್ತಲು ಆಗುವುದಿಲ್ಲ. ಮಗಳು ಫೋನಿಗೆ ಕುಡಿತ ಬಿಡಿಸುವ ಆ್ಯಪ್ ಹಾಕಿಕೊಟ್ಟಿದ್ದಾಳೆ. ಸೋಮವಾರದಿಂದ ಪೂರ್ತಿ ಬಿಡಬೇಕು ಅಂತಿದ್ದೇನೆ. ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ. ಆ್ಯಪ್ ಒಂದೇ ಸಾಕಲ್ವಾ?
– ಹೆಸರು ಬೇಡ

ಉತ್ತರ: ಬಿಡುವ ದಿನವನ್ನೇ ಗೊತ್ತು ಮಾಡಿಕೊಂಡಿದ್ದೀರಿ, ಓದಿ ತುಂಬಾ ಸಂತೋಷವಾಯಿತು. ಆದರೆ ಸೋಮವಾರ ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು.

ಬೆಳಿಗ್ಗೆ ಕೈ ನಡುಗುತ್ತದೆ ಅಂದರೆ ಮೈ ಕುಡಿತಕ್ಕೆ ಒಗ್ಗಿಹೋಗಿದೆ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನಕ್ಕೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದ ಹಾಗೆ ಇಲ್ಲದ್ದೆಲ್ಲ ಕಾಣುತ್ತದೆ. ಜೀವಕ್ಕೇ ಅಪಾಯ. ಇದನ್ನು ಯಾವ ಆ್ಯಪೂ ತಡೆಯುವುದಿಲ್ಲ. ಮಾತ್ರೆ ಬೇಕು, ಬಿ1 ವಿಟಮಿನ್ ಬೇಕು, ಬಿಪಿ ನೋಡುವವರು ಬೇಕು. ಹೆಚ್ಚಿನವರಿಗೆ ಒಂದು ವಾರದ ಮಾತು. ದಾಖಲಾಗಬೇಕೋ, ಮನೆಯಲ್ಲೇ ಆಗುತ್ತದೋ ಅನ್ನುವುದನ್ನು ಡಾಕ್ಟರ್ ಹೇಳಲಿ.

ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕೆಂದು ಸರ್ಕಾರ ನಡೆಸುವ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಡುಕದ ವಿಷಯ ಮೊದಲು ಹೇಳಿ. ಊರಿಗೆ ಗೊತ್ತಾಗುವ ಭಯ ನನಗೂ ಅರ್ಥವಾಗುತ್ತದೆ. ಹತ್ತಿರದಲ್ಲಿ ಬೇಡವೆಂದರೆ ಹಾಸನಕ್ಕೆ ಹೋಗಿ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಕುಡಿತದ ಸಮಸ್ಯೆಯೂ ಅದರಡಿ ಬರುತ್ತದೆ.

ಆ ವಾರ ದಾಟಿದ ಮೇಲೆ ಫೋನಿನ ಕೆಲಸ ಶುರು. ಆಗ ಅದು ನಿಜವಾಗಿಯೂ ಕೈ ಹಿಡಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಎ-ಚೆಸ್ ಅನ್ನುವ ಆ್ಯಪ್ ಮಾಡಿದ್ದರು. ಕೇಂದ್ರದಲ್ಲಿ ಚಿಕಿತ್ಸೆ ಮುಗಿಸಿ ಮನೆಗೆ ಹೋಗುವವರಿಗೆ ಕೊಟ್ಟರು. ಕುಡಿಯುತ್ತಿದ್ದ ಜಾಗದ ಹತ್ತಿರ ಹೋದರೆ ಫೋನೇ ಎಚ್ಚರಿಸುತ್ತಿತ್ತು, ತಡೆಯಲಾಗದಿದ್ದರೆ ಒತ್ತಲು ಒಂದು ಬಟನ್. 349 ಜನರ ಅಧ್ಯಯನ, 2014ರಲ್ಲಿ ಪ್ರಕಟವಾಯಿತು. ಆ್ಯಪ್ ಇದ್ದವರು ತಿಂಗಳಲ್ಲಿ ವಿಪರೀತ ಕುಡಿದ ದಿನ ಸರಾಸರಿ 1.39, ಇಲ್ಲದವರು 2.75. ಗಮನಿಸಿ, ಅವರೆಲ್ಲ ಮೊದಲು ಚಿಕಿತ್ಸೆ ಪಡೆದವರು.

ನನ್ನ ಹತ್ತಿರ ಬರುವ ಒಬ್ಬ ಗಾರೆ ಮೇಸ್ತ್ರಿಗೆ ಯಾವ ಆ್ಯಪೂ ಇಲ್ಲ. ದಿನಾ ಸಂಜೆ ಏಳಕ್ಕೆ ಟೀ ಲೋಟದ ಫೋಟೋ ನನಗೆ ವಾಟ್ಸಾಪ್ ಮಾಡುತ್ತಾರೆ. ಲೋಟದ ಪಕ್ಕ ಸಿಮೆಂಟ್ ಮೆತ್ತಿದ ಬೆರಳು ಕಾಣುತ್ತದೆ. ಒಂದು ದಿನ ಫೋಟೋ ಬರಲಿಲ್ಲ. ಫೋನ್ ಮಾಡಿದೆ. ಬಾರ್ ಎದುರಿನ ಕಟ್ಟೆ ಮೇಲೆ ಕೂತಿದ್ದರು. ಕುಡಿತದ ಮಾತೇ ಎತ್ತದೆ, ಮರುದಿನ ಹಾಕಬೇಕಿದ್ದ ಮೋಲ್ಡ್ ಬಗ್ಗೆ ಕೇಳುತ್ತಾ ಹೋದೆ. ಎಷ್ಟು ಮೂಟೆ, ಎಷ್ಟು ಆಳು ಅಂತ. ಇಪ್ಪತ್ತು ನಿಮಿಷ ಕಳೆಯಿತು. "ಸರಿ ಅಕ್ಕ, ಮನೆಗೆ ಹೋಗ್ತೀನಿ" ಅಂದರು. ಆಸೆ ಒಮ್ಮೆ ಏರಿದರೆ ಹೆಚ್ಚಿನ ಸಲ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ದಾಟಿಸುವುದೇ ಫೋನಿನ ಕೆಲಸ.

ನೀವು ಶಟರ್ ಎಳೆಯುವ ಹೊತ್ತಿಗೆ ಕಾಲು ಗಂಟೆ ಮೊದಲು ಅಲಾರಂ ಇಡಿ. ಏನಾದರೂ ತಿನ್ನಿ, ಹಸಿದ ಹೊಟ್ಟೆಯಲ್ಲಿ ಹೊರಡಬೇಡಿ. ಫೋನ್ ಮಾಡಬಹುದಾದ ಇಬ್ಬರ ಹೆಸರು ಆ್ಯಪಿಗೆ ಹಾಕಿ. ಮಗಳ ಹೆಸರು ಬೇಡ. ಅಪ್ಪನನ್ನು ಕಾಯುವ ಕೆಲಸ ಆ ಮಗುವಿನದಲ್ಲ. ಆ್ಯಪ್ ಸುಮ್ನೆ ಫೋಟೋ, ಕಾಂಟ್ಯಾಕ್ಟ್ ಎಲ್ಲ ಕೇಳಿದರೆ ಕೊಡಬೇಡಿ.

ಪ್ರಶ್ನೆ: ಫೋನಿನಲ್ಲಿ ಜಾಹೀರಾತು ನೋಡಿ ಕುಡಿತ ಬಿಡಿಸುವ ಪುಡಿ ತರಿಸಿದ್ದೇನೆ. ಯಜಮಾನರಿಗೆ ಗೊತ್ತಾಗದಂತೆ ಸಾರಿಗೆ ಬೆರೆಸಲೇ?
– ಒಬ್ಬ ಓದುಗಳು

ಉತ್ತರ: ಬೇಡ ತಾಯಿ. ಅದರಲ್ಲಿ ಏನಿದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಂ ಅನ್ನುವ ಔಷಧಿ ಇದ್ದರೆ, ಅದರ ಮೇಲೆ ಅವರು ಕುಡಿದರೆ ಬಿಪಿ ಕುಸಿದು ಜೀವಕ್ಕೆ ಕುತ್ತು ಬರಬಹುದು. ಡಾಕ್ಟರ್ ಕೂಡ ಅದನ್ನು ರೋಗಿಗೆ ತಿಳಿಸಿಯೇ ಕೊಡಬೇಕು. ಈಗಾಗಲೇ ಹಾಕಿದ್ದರೆ ಪೊಟ್ಟಣ ಹಿಡಿದುಕೊಂಡು ಇವತ್ತೇ ಆಸ್ಪತ್ರೆಗೆ ಹೋಗಿ. 14416ಕ್ಕೆ ಮನೆಯವರೂ ಫೋನ್ ಮಾಡಬಹುದು.